ದಿನಕ್ಕ ಎಷ್ಟು ಉದುರ್ತಾವ?

ದಿನಕ್ಕ ಎಷ್ಟು ಉದುರ್ತಾವ, ಅಂದ್ರು ಡಾಕ್ಟರು
ಫೋನಿನ ಒಳಗಿಂದ.
ಬೆಟಗೇರಿ ಓಣ್ಯಾಗ ಮಗ್ಗದ ಸಪ್ಪಳ,
ಅವರ ಮಾತು ಹರದು ಹರದು ಬರ್ತಿದ್ವು,
ಮುಖ ನಿಂತು, ತುಟಿ ಆಮ್ಯಾಲ ಅಲುಗ್ತಿತ್ತು.

ಹಾಸಿನ ಎಳಿ ಕೇಳ್ರಿ, ಹೇಳ್ತೇನಿ.
ಒಂದು ಸೀರಿಗೆ ಎಷ್ಟು, ಯಾವದು ಎಲ್ಲಿ ಕಡದೈತಿ,
ಕಣ್ಣು ಮುಚ್ಚಿ, ಬೆರಳಾಡಿಸಿ.
ನನ್ನ ತಲೀದು ನನಗೇನು ಗೊತ್ತು?
ಹಣಿಗ್ಯಾಗಿಂದ ಬಿಡಿಸಿ, ಉಂಡಿ ಮಾಡಿ,
ಬಚ್ಚಲ ಗ್ವಾಡಿ ಸಂದ್ಯಾಗ ತುರುಕ್ತಿದ್ದೆ.
"ಕೂದ್ಲಾ... ಪಿನ್ನಾ..." ಅಂತ ಓಣಿಗೆ ಬರೂ ಹುಡುಗ
ತಕ್ಕಡ್ಯಾಗ ಇಟ್ಟು ಅಂದಿದ್ದ:
"ಈ ಸಲ ಭಾಳ ಐತಲ್ರಿ ಅಕ್ಕಾ,
ಪಿನ್ನು ಬ್ಯಾಡ, ಬಟ್ಟಲ ತಗೋರಿ."
ಸ್ಟೀಲಿನ ಬಟ್ಟಲ ಹಿಡಕೊಂಡು ಖುಷೀಲೆ ಒಳಗ ಬಂದು
ಕನ್ನಡಿ ಮುಂದ ನಿಂತೆ.
ಬೈತಲಿ ಅಗಲ ಆಗಿತ್ತು
ಹುಬ್ಬಳ್ಳಿ ರೋಡು ಅಗಲ ಮಾಡಿದಂಗ,
ಎರಡೂ ಕಡೆ ಗಿಡ ಕಡದು.

"ಒಂದು ಬಟ್ಟಲದಷ್ಟು" ಅಂದೆ.
ಡಾಕ್ಟರಿಗೆ ತಿಳೀಲಿಲ್ಲ.

ಹುಬ್ಬಳ್ಳಿಗೇ ಹೋದ್ರ ಬಸ್ಸು, ಒಂದು ದಿನದ ಕೂಲಿ,
ಮತ್ತ ಆ ಬಾಕಿನ ಮ್ಯಾಲ
ಟೋಪಿ ಹಾಕ್ಕೊಂಡ ಗಂಡಸರ ನಡುವ ಸೆರಗು ಹೊತ್ತು ಕೂಡೂದು.
ಫೋನಿನ್ಯಾಗ ಮುನ್ನೂರೈವತ್ತು.
ಹೆಸರು: ಪ್ರಮೀಳಾ ಗಂಜಿ. ವಯಸ್ಸು: ಮೂವತ್ತಮೂರು.
ಸಮಸ್ಯೆ, ಅಂತಿದ್ದಲ್ಲಿ
"ಕೂದಲು" ಅಂತ ಅಷ್ಟ ಬರದಿದ್ದೆ.

"ತಲೆ ತೋರಿಸಿ."
ಬ್ಯಾಟರಿ ನಾ ಹಿಡದೆ. ಅತ್ತಿ ಎಡಗೈಯಾಗ ಫೋನು,
ಬಲಗೈಲೆ ಸೀಳಿ ಸೀಳಿ ತೋರಿಸಿದ್ಲು.
ಹದಿನಾಕು ವರ್ಷದ ಹಿಂದ, ಮದುವಿಯಾಗಿ ಬಂದ ವಾರಕ್ಕ
ನನ್ನ ತಲ್ಯಾಗ ಹೇನು ನೋಡಿದ ಬೆರಳು ಇವ.
ಆವಾಗ ನಾಚಿಕಿ ಆಗಿತ್ತು.
ಈಗ ಆದದ್ದಕ್ಕ ಹೆಸರು ಗೊತ್ತಿಲ್ಲ.
"ಇನ್ನೂ ಹತ್ತಿರ ತನ್ನಿ ಅಮ್ಮಾ."
ಅತ್ತಿ ಫೋನು ತಲಿಗೇ ಒತ್ತಿದ್ಲು,
ಕಿವಿಗೆ ಹಚ್ಚಿದಂಗ.

ಬೇರಿನಿಂದ ಬರ್ತಾವೋ, ನಡುವ ತುಂಡಾಗ್ತಾವೋ?
ತವರಾಗ ಯಾರದರ ಬಕ್ಕ ತಲಿ? ಥೈರಾಯ್ಡು?
ಮೂರು ತಿಂಗಳ ಹಿಂದ ಏನರ ಆಗಿತ್ತೇನು,
ಜ್ವರ, ಆಪರೇಷನ್ನು, ಯಾರರ ತೀರಿಕೊಂಡ್ರ?

ಇಲ್ಲ, ಅಂದೆ.
ಇಲ್ಲ, ಅಂದ್ಲು ಅತ್ತೀನೂ.

"ದೇಹಕ್ಕೆ ಪೆಟ್ಟು ಬಿದ್ದ ದಿನ ಕೂದಲು ಉದುರೋದಿಲ್ಲ,
ಎರಡು ಮೂರು ತಿಂಗಳು ಬಿಟ್ಟು ಉದುರುತ್ತೆ" ಅಂದ್ರು.
ತಡಾಗಿ ಸುದ್ದಿ ಮುಟ್ಟಿದ ಬೀಗರು
ಎಲ್ಲಾ ಮುಗಿದ ಮ್ಯಾಲ ಬಂದು ಅಳೂವಂಗ.
ಸ್ವಲ್ಪ ಸುಮ್ಮನಿದ್ದು,
"ಹೇಳೋಕೆ ಆಗದಿದ್ರೆ ಕೆಳಗೆ ಬರೀರಿ."

ಫೋನು ಇಸಕೊಂಡೆ.
ಎರಡು ತಿಂಗಳಾಗಿತ್ತು. ಹೋತು.
ದೀಪಾವಳಿ ಸೀರಿ ಆರ್ಡರು ಮುಗಸೂ ದಿನ.
ಮಗ್ಗಕ್ಕ ಒಂದು ದಿನ ರಜಾ ಹಾಕಿ, ಹೊಟ್ಟಿನೋವು ಅಂದಿದ್ದೆ.
ಯಾರಿಗೂ ಗೊತ್ತಿಲ್ಲ.
ಟೈಪು ಛಲೋ ಬರಂಗಿಲ್ಲ ನನಗ,
"ಹೋತು" ಅನ್ನೂದು ಎರಡು ಸಲ "ಹೂತು" ಆತು.
ಅಳಿಸಿ ಬರದೆ.
ಅತ್ತಿ ಬಾಜೂಕ ಕುಂತಿದ್ಲು. ಅಕಿಗೆ ಓದಾಕ ಬರಂಗಿಲ್ಲ.

ಡಾಕ್ಟರು ಕೆಳಗ ನೋಡಿದ್ರು, ಮ್ಯಾಲ ನೋಡಿದ್ರು.
"ಸರಿ" ಅಂದ್ರು. ಅಷ್ಟ.
ಆಮ್ಯಾಲ ರಕ್ತಪರೀಕ್ಷೆ, ಕಬ್ಬಿಣದ ಗುಳಿಗಿ,
ಹಚ್ಚೂ ಔಷಧ ಸದ್ಯಕ್ಕ ಬ್ಯಾಡ,
ಎಣ್ಣಿಯಿಂದ ಕೂದಲ ಬರಂಗಿಲ್ಲ,
ಮೂರು ತಿಂಗಳಿಗೆ ಇಂಥಾದ್ದ ಬೆಳಕಿನ್ಯಾಗ
ಮತ್ತೊಂದು ಫೋಟೋ.

ರಾತ್ರಿ ಅತ್ತಿ ಎಣ್ಣಿ ಕಾಸಿ ತಂದ್ಲು,
ಅದ ಸ್ಟೀಲಿನ ಬಟ್ಟಲದಾಗ.
"ಬ್ಯಾಡ ಅಂದಾರಲ್ಲ" ಅಂದೆ.
"ಕೂದಲಿಗಲ್ಲ" ಅಂದ್ಲು.

ಯುಗಾದಿ ಆಗಿ ವಾರಕ್ಕ, ಮುಂಜಾನೆ,
ಬೆಳಕಿಂಡಿ ಕೆಳಗ ಕುಂದರಿಸಿ ಫೋಟೋ ತಗೀವಾಗ
ಬೈತಲಿ ಅಂಚಿನ್ಯಾಗ ಬೆರಳು ನಿಂತ್ವು.
"ಬಂದಾವ ನೋಡ, ಗಿಡ್ಡನೂವು, ಮುಳ್ಳಿನಂಗ ನೆಟ್ಟಗ.
ಒಂದು. ಎರಡು. ಇಲ್ಲೊಂದು..."

"ಎಣಿಸಬ್ಯಾಡ ಅತ್ತೀ" ಅಂದೆ,
"ದೃಷ್ಟಿ ಆಗ್ತೈತಿ."